ಎರಡು ಹಿಡಿಕೆಯ ಪೆಟ್ಟಿಗೆ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಎದುರು ಮನೆಯ ಸುಧಾ ಬೇಸ್ ಗಿಟಾರ್ ನುಡಿಸುತ್ತಾಳೆ. ನಾಲ್ಕೇ ತಂತಿಯ, ಒನಕೆಯುದ್ದದ, ತಗ್ಗಿನ ನಾದದ ವಾದ್ಯ. ಮೊನ್ನೆ ಸಂಜೆ ಪಡಸಾಲೆಯಲ್ಲಿ ಎರಡು ಕರಿಯ ಸ್ಪೀಕರ್ ಪೆಟ್ಟಿಗೆಗಳನ್ನು ಇಟ್ಟುಕೊಂಡು ಕೂತಿದ್ದಳು. ಒಂದು ಭಾರದ್ದು, ಇನ್ನೊಂದು ಹಗುರದ್ದು. ಅಂಗಡಿಯವನು ಎರಡನ್ನೂ ನೋಡಲು ಕೊಟ್ಟಿದ್ದಾನಂತೆ, ಮರುದಿನ ಒಂದನ್ನು ವಾಪಸು ಮಾಡಬೇಕು. "ಹಗುರದ್ದು ಊರೂರಿಗೆ ಒಯ್ಯಾಕ ಬೇಷ್ ಐತ್ರಿ ಅಜ್ಜಾರ. ಆದ್ರ ಹಗುರ ಇದ್ರ ದಮ್ಮು ಇರಂಗಿಲ್ಲ ಅಂತಾರ ನಮ್ಮ ಹುಡುಗ್ರು. ನೀವು ನೋಡ್ರಿ" ಎಂದಳು.

ಹಾರ್ಮೋನಿಯಂ ಬಾರಿಸಿ ಬಾರಿಸಿ ಓಣಿಯವರ ನಿದ್ದೆ ಕೆಡಿಸಿದವನಿಗೆ ಇಂಥ ಗೌರವ ದಿನಾ ಸಿಗುವುದಿಲ್ಲ. ದೊಡ್ಡ ಪರಿಣತನಂತೆ ಬಗ್ಗಿ ನೋಡಿದೆ. ಪೆಟ್ಟಿಗೆಯ ಸಂದಿಯಿಂದ ಹೊಸ ಪ್ಲೈವುಡ್ಡಿನ ವಾಸನೆ ಬಂತು. ಅದರ ಬೆನ್ನಿಗೇ, ಅಲ್ಲಿ ಇಲ್ಲದ ಇನ್ನೆರಡು ವಾಸನೆಗಳೂ ಬಂದವು: ಚಹಾಪುಡಿಯದು, ಕುರಿಯ ಉಣ್ಣೆಯದು. ಮಾಳಪ್ಪ ಬಂದಂತಾಯಿತು.

ಐವತ್ತರ ದಶಕದ ಮಾತು. ಆಗ ನಾನು ಬಾಗಲಕೋಟೆಯಲ್ಲಿ ಹೊಸ ಮಾಸ್ತರ. ಹಾಡುವ ಗೋವಿಂದಣ್ಣ, ಹಾರ್ಮೋನಿಯಂ ಹಿಡಿದ ನಾನು, ತಬಲಾದ ಮಾಳಪ್ಪ, ಇಷ್ಟೇ ನಮ್ಮ ಮೇಳ. ಗೋವಿಂದಣ್ಣ ನಮ್ಮಿಬ್ಬರಿಗಿಂತ ಹಿರಿಯ, ಅವನ ಮಾತೇ ಕೊನೆ. ಮಾಳಪ್ಪ ಕುಳಗೇರಿ ಕ್ರಾಸಿನ ಹತ್ತಿರದವನು, ಬೀರಪ್ಪ ದೇವರ ಒಕ್ಕಲು, ಕುರಿ ಸಾಕುವ ಮನೆತನ. ಡೊಳ್ಳು ಹೊತ್ತು ಕುಣಿದು ಬೆಳೆದ ಕೈ. ತಬಲಾ ಜೋಡಿಯಲ್ಲಿ ಎಡಗೈಗೆ ಬರುವ ಡಗ್ಗಾದ ಮೇಲೆ ಅವನ ಅಂಗೈ ಸರಿದಾಡಿದರೆ, ಆ ತಗ್ಗಿನ ನಾದ ನೆಲದೊಳಗಿಂದ ಎದ್ದು ಬಂದ ಹಾಗೆ ಇರುತ್ತಿತ್ತು. ನಾನು ತಪ್ಪು ಸ್ವರದ ಮನೆ ಒತ್ತಿದಾಗೆಲ್ಲ ಅದೇ ನಾದ ನನ್ನ ಮಾನ ಮುಚ್ಚುತ್ತಿತ್ತು. ಇದನ್ನು ಈಗ ಒಪ್ಪಿಕೊಳ್ಳುವುದಕ್ಕೆ ನನಗೇನೂ ನಾಚಿಕೆ ಇಲ್ಲ.

ಅಷ್ಟರಲ್ಲಿ ಲೌಡ್‌ಸ್ಪೀಕರಿನ ಕಾಲ ಬಂತು. ಬ್ಯಾಟರಿಯ ಮೇಲೆ ನಡೆಯುವ ಯಂತ್ರ, ಅದಕ್ಕೊಂದು ತಗಡಿನ ಕಹಳೆ. ಕಹಳೆ ಇಲ್ಲದಿದ್ದರೆ ಜನ ಕೂಡುವುದಿಲ್ಲ ಎಂಬಂತಾಯಿತು. ಅದರಲ್ಲಿ ಗೋವಿಂದಣ್ಣನ ಧ್ವನಿ ಹೊಲ ದಾಟಿ ಹೋಗುತ್ತಿತ್ತು, ಆದರೆ ತಗ್ಗಿನ ನಾದ ಆ ತಗಡಿಗೆ ದಕ್ಕದೆ ಡಗ್ಗಾ ಪೂರಾ ಮಾಯ. ಹುನಗುಂದದ ಕಾರ್ಯಕ್ರಮ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ, ಮಾಳಪ್ಪ ನೀರು ಕುಡಿಯಲು ಹೋದದ್ದನ್ನು ನೋಡಿ ಗೋವಿಂದಣ್ಣ ಹೇಳಿದ: "ಮಾಳ್ಯಾ ಬಾರಸೂದು ಯಾರಿಗೂ ಕೇಳೂದ ಇಲ್ಲ. ಸುಮ್ನ ಯಾಕ ಕರಕೊಂಡು ಅಡ್ಡಾಡೂದು? ಇಳಕಲ್ಲಿನದು ಮುಗೀಲಿ, ಆಮ್ಯಾಲೆ ನಾವಿಬ್ರ ಸಾಕು. ಏನಂತಿ?"

ನಾನು ಹೂಂ ಎನ್ನುವ ಹಾಗೆ ತಲೆಯಾಡಿಸಿದೆ. ಅಷ್ಟೊತ್ತಿಗೆ ಮಾಳಪ್ಪ ನಮಗೂ ಒಂದು ತಂಬಿಗೆ ನೀರು ತಂದ, ನಾನು ಕುಡಿದೆ. ಆ ನೀರು ಇವತ್ತಿಗೂ ಗಂಟಲಲ್ಲೇ ಇದೆ.

ತಪ್ಪು ಮಾಡಿದವನಿಗೆ ಉತ್ಸಾಹ ಹೆಚ್ಚು. ರೇಡಿಯೊ ರಿಪೇರಿ ಮಾಡುವವನೊಬ್ಬನನ್ನು ಕಾಡಿ ಬೇಡಿ, ಸತ್ತ ದೊಡ್ಡ ರೇಡಿಯೊದಿಂದ ಊಟದ ತಟ್ಟೆಯಗಲದ ಸ್ಪೀಕರ್ ತಂದೆ. ಇದನ್ನು ಒಳ್ಳೆಯ ಪೆಟ್ಟಿಗೆಯಲ್ಲಿ ಕೂಡಿಸಿದರೆ ತಗ್ಗಿನ ನಾದ ಬರುತ್ತದೆ ಎಂದು ಅವನು ಹೇಳಿದ್ದ. ನಮ್ಮದು ನಾಲ್ಕು ತಲೆಮಾರು ಓದಿದ ಮನೆ. ಒಳ್ಳೆಯದು ಎಂದರೆ ದಪ್ಪನೆಯದು, ಭಾರದ್ದು ಎಂದೇ ನಮ್ಮ ತಿಳುವಳಿಕೆ. ಅಟ್ಟದ ಮೇಲಿದ್ದ ಸಾಗವಾನಿ ಹಲಗೆಗಳನ್ನೆಲ್ಲ ಇಳಿಸಿ ಪೆಟ್ಟಿಗೆ ಮಾಡಿಸಿದೆ. ನಾದವೇನೋ ಬಂತು. ಆದರೆ ಬದಾಮಿಗೆ ಒಯ್ಯಲು ಅದನ್ನು ನಾಲ್ವರು ಹೊತ್ತು ತಂದಾಗ ಬಸ್ಸಿನ ಕಂಡಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಮಾಸ್ತರ, ತೀರಕೊಂಡೋರು ಯಾರ್ರಿ?" ಎಂದ. ಪೆಟ್ಟಿಗೆ ಬಾಗಲಕೋಟೆಯಲ್ಲೇ ಉಳಿಯಿತು.

"ಮನಿಶ್ಯಾನ ಹೊರೆ ಇಳಸಾಕ ಹೋಗಿ ಮರದ ಹೊರೆ ಹೊತಗೊಂಡ್ಯಲ್ಲೋ" ಎಂದು ಗೋವಿಂದಣ್ಣ ನನ್ನ ಕಿವಿಯಲ್ಲಿ ನಕ್ಕ. ಮಾಳಪ್ಪ ಮಾತ್ರ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, ಬೆರಳಿನಿಂದ ಬಡಿದು ನೋಡಿ, "ಎಂಟು ದಿವ್ಸ ಕೊಡ್ರಿ" ಎಂದ.

ಎಂಟನೆಯ ದಿನ ನಮ್ಮ ಮನೆಗೆ ಬಂದ. ಹೆಗಲ ಮೇಲೆ ಚಹಾಪುಡಿ ತುಂಬಿ ಬರುತ್ತಿದ್ದ ತೆಳು ಪ್ಲೈವುಡ್ಡಿನ ಪೆಟ್ಟಿಗೆ, ಕುಳಗೇರಿ ಕ್ರಾಸಿನ ಚಹಾದಂಗಡಿಯದು. ಬಗಲಲ್ಲಿ ಉಣ್ಣೆಯ ಗಂಟು, ಕೈಯಲ್ಲಿ ಡಗ್ಗಾ. ಅವ್ವ ಬಾಗಿಲಲ್ಲೇ ತಡೆದಳು. "ಚರ್ಮದ್ದು ಕಟ್ಟಿ ಮ್ಯಾಲೆ ಇಡಪಾ. ಉಣ್ಣಿ ಒಳಗ ತಾ, ಅದಕ್ಕ ಮೈಲಿಗಿ ಇಲ್ಲ." ಹಾಗಾಗಿ ಡಗ್ಗಾ ಹೊರಗೆ ಕೂತಿತು, ಅದರ ನಾದದ ಮನೆ ಒಳಗೆ ತಯಾರಾಯಿತು. ಸ್ಪೀಕರ್ ಕೂಡಿಸಿದಾಗ ತೆಳು ಹಲಗೆ ಗರಗರ ನಡುಗಿತು. ಮಾಳಪ್ಪ ಒಳಗೆ ಅಡ್ಡಡ್ಡ ಬಿದಿರು ಬಿಗಿದ, ಗೋಡೆಗಳಿಗೆಲ್ಲ ಉಣ್ಣೆ ಹೊದಿಸಿದ. ಗರಗರ ನಿಂತಿತು, ಬರೀ ನಾದ ಉಳಿಯಿತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರಲ್ಲ, ಆ ದಿನ ಒಕ್ಕಾಲು ನನ್ನದಾಗಿತ್ತು.

ಕೊನೆಗೆ ಅವನು ಪೆಟ್ಟಿಗೆಯನ್ನು ಎದೆಗೆ ಕಟ್ಟಿಕೊಂಡು ನಮ್ಮ ಅಂಗಳದಲ್ಲಿ ಮೂರು ಹೆಜ್ಜೆ ಕುಣಿದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನಗಬ್ಯಾಡ್ರಿ ತಾಯಿ. ಹೊಸಾ ಡೊಳ್ಳು ತಂದ್ರ ನಾವು ಮದಲ ಬಡ್ಯಂಗಿಲ್ಲ, ಹೊತ್ತು ಮೂರು ಹೆಜ್ಜಿ ಹಾಕ್ತೇವಿ. ಕುಣಿಯಾಕ ಬಾರದ್ದನ್ನ ಹೊಳ್ಳಿ ಕೊಡ್ತೇವಿ" ಎಂದ. ಎಷ್ಟು ಸರಿಯಾದ ಪರೀಕ್ಷೆ, ನೀವೇ ಹೇಳಿ!

ಇಳಕಲ್ಲಿನಲ್ಲಿ ಹೊತ್ತು ಮುಳುಗುವ ಮುಂಚೆಯೇ ನೇಕಾರರು ಮಗ್ಗ ಬಿಟ್ಟು ಬಂದು ಕೂತಿದ್ದರು. ಮೇಲೆ ಕಹಳೆ, ಕೆಳಗೆ ನಮ್ಮ ಚಹಾ ಪೆಟ್ಟಿಗೆ. ಗೋವಿಂದಣ್ಣ ಮೊದಲ ಸಾಲು ಹಾಡಿದ, ಮಾಳಪ್ಪನ ಅಂಗೈ ಡಗ್ಗಾದ ಮೇಲೆ ಸರಿಯಿತು. ಗುಂ ಎಂದು ಒಂದು ಅಲೆ ಜನರ ನಡುವೆ ಹಾದುಹೋದದ್ದನ್ನು ನಾನು ಕಣ್ಣಿಂದ ಕಂಡೆ, ಹಿಂದಿನ ಸಾಲಿನ ತಲೆಗಳು ಒಟ್ಟಿಗೇ ತೂಗಿದವು. ಮುದುಕ ನೇಕಾರನೊಬ್ಬ ಕೂತಲ್ಲಿಂದಲೇ ಕೂಗಿದ: "ತಮ್ಮಾ, ಎದಿಗೆ ಬಂತೋ! ಇನ್ನೊಮ್ಮಿ ಹಿಡಿ!" ಗೋವಿಂದಣ್ಣ ಹಾಡು ನಿಲ್ಲಿಸಿದ. ಹೊಟ್ಟೆಕಿಚ್ಚಿಗೆ ನಿಲ್ಲಿಸಿದನೆಂದು ಹೆದರಿದೆ. ಅವನು ಹಿಂದೆ ತಿರುಗಿ, "ಮಾಳಪ್ಪಾ, ನೀ ಶುರು ಮಾಡು, ನಾ ಬೆನ್ನ ಹಿಂದ ಬರ್ತೇನಿ" ಎಂದ. ಅಲ್ಲಿಯವರೆಗೆ ಅವನಿಗೆ ಮಾಳಪ್ಪ ಮಾಳ್ಯಾ ಆಗಿದ್ದ.

ಮರುದಿನ ಬಸ್ ನಿಲ್ದಾಣಕ್ಕೆ ನಡೆಯುವಾಗ ಪೆಟ್ಟಿಗೆಯ ಒಂದು ಹಿಡಿಕೆ ಮಾಳಪ್ಪನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ತಡೆಯಲಾರದೆ ಹೇಳಿಬಿಟ್ಟೆ: "ಹುನಗುಂದದಾಗ ಗೋವಿಂದಣ್ಣ ನಿನ್ನ ಬಿಡೋಣ ಅಂದಾಗ ನಾನೂ ಹೂಂ ಅಂದಿದ್ದೆ."

"ಗೊತ್ತೈತ್ರಿ. ತಂಬಿಗಿ ಹಿಡಕೊಂಡು ಹಿಂದ ನಿಂತಿದ್ದೆ."

"ಮತ್ತ ಸುಮ್ನ ಯಾಕಿದ್ದಿ?"

"ಪೆಟಗಿ ಒಬ್ಬನ ಹೊರೂವಷ್ಟು ಹಗುರ ಐತಿ. ಆದ್ರೂ ಎರಡು ಹಿಡಿಕಿ ಹಚ್ಚೇನಿ. ಒಂದು ನಿಮ್ಮ ಸಲುವಾಗಿ ಐತ್ರಿ" ಎಂದ.

ನನಗೆ ಅಳು ಬಂತು. ಧೂಳು ಎಂದೆ. ಅದನ್ನು ಅವನು ನಂಬಿದ ಹಾಗೆ ಮಾಡಿದ. ಅಂಥ ಮನುಷ್ಯನನ್ನು ಆಮೇಲೆ ನಾನು ಕಂಡಿಲ್ಲ. ನಮ್ಮ ಮೇಳ ಇರುವ ತನಕ ಅವನು ಇದ್ದ. ಅವನು ತೀರಿಕೊಂಡು ಬಹಳ ವರ್ಷಗಳಾದವು, ಪೆಟ್ಟಿಗೆ ಬಡಿದು ಕೂಡಿಸಿದ ನಮ್ಮ ಹಳೆಯ ಮನೆಯ ಮೇಲೆ ಈಗ ಅಣೆಕಟ್ಟಿನ ಹಿನ್ನೀರು ನಿಂತಿದೆ.

ಸುಧಾಳ ಹಗುರ ಪೆಟ್ಟಿಗೆಯನ್ನು ಎದೆಗವಚಿ ಮೂರು ಹೆಜ್ಜೆ ಹಾಕಿದೆ. ಅವಳು ಗಾಬರಿಯಾಗಿ ಕುರ್ಚಿ ತಂದಳು. ಕೂತೆ. ನನ್ನ ಕಿವಿ ಮೇಲಿನ ಸ್ವರಗಳನ್ನು ಬಿಟ್ಟುಕೊಟ್ಟಿದೆ. ಹಾರ್ಮೋನಿಯಂ ಈಗ ಅರ್ಧವೇ ಕೇಳುತ್ತದೆ, ಹಕ್ಕಿಗಳಂತೂ ಮೂಕವಾಗಿವೆ. ಸುಧಾ ವಾಯರು ಸಿಕ್ಕಿಸಿ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಮೀಟಿದಳು. ಅದು ಕೇಳಿತು. ಅಂಗಾಲಿನಿಂದ ಹತ್ತಿ ಎದೆಗೆ ಬಂತು. ಹುನಗುಂದದಲ್ಲಿ ಯಾವ ನಾದವನ್ನು ಬಿಡೋಣ ಎಂದು ತಲೆಯಾಡಿಸಿದ್ದೆನೋ, ಅದೊಂದೇ ನನ್ನನ್ನು ಬಿಡದೆ ಉಳಿದಿದೆ.

"ದಮ್ಮು ಐತೇನ್ರಿ ಅಜ್ಜಾರ?"

"ಅದ ಅವ್ವಾ. ಇದನ್ನ ಇಟ್ಕೋ. ಯಾವ ಊರಿಗೆ ಒಯ್ಯೂದು ಹೇಳು, ನಾನೂ ಬರ್ತೇನಿ" ಎಂದು ಎದ್ದು ಒಂದು ಹಿಡಿಕೆ ಹಿಡಿದೆ. ಇನ್ನೊಂದು ಅವಳ ಕಡೆಗಿತ್ತು.