ಸೊಟ್ಟ ನಿಂತ ಸ್ಪೀಕರುಗಳು

ಎಸ್ಕಿಲ್ ತನ್ನ ಜೀವಮಾನದಲ್ಲಿ ಮಾಡಿದ್ದು ಒಂದೇ ಕೆಲಸ. ಲಿಮ್‌ಫ್ಯೋರ್ಡ್ ಕೊಲ್ಲಿಯ ದಡದ ಸಣ್ಣ ಊರಿನ ಕಾರ್ಖಾನೆಯಲ್ಲಿ ಸ್ಪೀಕರು ಜೋಡಿಸುವುದು, ಆಮೇಲೆ ಕೊಂಡವರ ಮನೆಗೆ ಹೋಗಿ ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ ಬರುವುದು. ಮಾಡುವುದಕ್ಕಿಂತ ನಿಲ್ಲಿಸುವುದೇ ಕಷ್ಟ ಎನ್ನುತ್ತಿದ್ದ. ಎದೆಯೆತ್ತರದ ಪೆಟ್ಟಿಗೆಗಳು. ಬೆರಳಗಲ ಆಚೀಚೆ ಆದರೂ ಹಾಡುವವರ ದನಿ ಚೆಲ್ಲಿಹೋಗುತ್ತದೆ.

ನಿಲ್ಲಿಸುವುದಕ್ಕೆ ಅವನದೊಂದು ಪದ್ಧತಿ ಇತ್ತು. ಮನೆಯವರಲ್ಲಿ ಒಬ್ಬರು ಗೋಡೆಗೆ ಬೆನ್ನು ತಾಗಿಸಿ ನಿಂತು ಪತ್ರಿಕೆ ಓದಬೇಕು. ಓದುತ್ತ ಓದುತ್ತ ಮೆಲ್ಲಗೆ ಮುಂದೆ ಬರಬೇಕು. ಗೋಡೆಯ ಹತ್ತಿರ ದನಿ ಕೊಡದೊಳಗೆ ಮಾತಾಡಿದ ಹಾಗೆ ಗುಂಯ್ ಎನ್ನುತ್ತದೆ. ಹಾಡು ಕೇಳುವವರ ಕುರ್ಚಿಯಲ್ಲಿ ಕೂತ ಎಸ್ಕಿಲ್‌ಗೆ ಎಲ್ಲಿ ಗುಂಯ್ ಬಿಟ್ಟು ಮಾತು ಮಾತಾಗಿ ಕೇಳುತ್ತದೋ ಅಲ್ಲಿ ನೆಲಕ್ಕೆ ಅಂಟುಪಟ್ಟಿ ಹಚ್ಚುತ್ತಿದ್ದ. ಸ್ಪೀಕರು ನಿಲ್ಲುವುದು ಅಲ್ಲಿ.

ತನ್ನ ಮನೆಯಲ್ಲಿ ಅವನಿಗೆ ಓದಿದವಳು ಹೆಂಡತಿ ಬೋದಿಲ್. ಕಾರ್ಖಾನೆಯವರು ಅವನಿಗೊಂದು ಜೊತೆ ಸ್ಪೀಕರು ಕೊಟ್ಟ ವರ್ಷ ಅದು. ಅವಳು ಹಂದಿಮಾಂಸದ ಧಾರಣೆ ಓದಿದಳು. ಅದು ಮುಗಿಯಿತು. ಸತ್ತವರ ಹೆಸರು ಓದಿದಳು.

"ಇನ್ನೂ ಎಷ್ಟೊತ್ತು? ಊರಲ್ಲಿ ಇನ್ಯಾರೂ ಸತ್ತಿಲ್ಲ," ಅಂದಳು.

"ಮೊದಲಿಂದ ಓದು."

"ಮೊದಲು ಎದ್ದೇಳು. ನನ್ನ ಕುರ್ಚೀಲಿ, ನನ್ನ ಉಲ್ಲನ್ ಮೇಲೆ ಕೂತಿದ್ದೀಯ."

ಅವನು ಉಲ್ಲನ್ ಉಂಡೆಗಳನ್ನು ಮಡಿಲಿಗೆ ಹಾಕಿಕೊಂಡ, ಏಳಲಿಲ್ಲ. ಸಂಜೆಯಾಗುವ ಹೊತ್ತಿಗೆ ನೆಲದ ಮೇಲೆ ಪಟ್ಟಿ ಬಿತ್ತು. ನೋಡಿದರೆ ಎರಡು ಸ್ಪೀಕರೂ ಸೊಟ್ಟ. ಒಂದು ಗೋಡೆಗೆ ಹತ್ತಿರ, ಇನ್ನೊಂದು ನಡುಮನೆಗೆ ನುಗ್ಗಿ ನಿಂತಿದೆ. ಬಂದವರೆಲ್ಲ ಒಂದಕ್ಕೆ ಕುಡಿಸಿದ್ದೀಯಾ ಎಂದು ಕೇಳುತ್ತಿದ್ದರು. ಎಸ್ಕಿಲ್ ಒಲೆಯ ಪಕ್ಕದ ತನ್ನ ಕುರ್ಚಿಯಲ್ಲಿ ಕೂತು ಪೈಪು ಸೇದುತ್ತಿದ್ದ. ಬೋದಿಲ್ ಕಿಟಕಿಯ ಹತ್ತಿರ ಹೆಣೆಯುತ್ತಿದ್ದಳು. ಭಾನುವಾರ ಊಟವಾದ ಮೇಲೆ ಒಂದು ರೆಕಾರ್ಡು. ಪಿಯಾನೋ ಜೊತೆ ಒಬ್ಬಳೇ ಹೆಂಗಸು ಹಾಡುವಂಥದು. ಆ ಹೆಂಗಸು ಎದುರಿಗೇ ಬಂದು ನಿಂತ ಹಾಗೆ ಬೋದಿಲ್‌ಗೆ ಕೇಳುತ್ತಿತ್ತು. ಎಷ್ಟೋ ವರ್ಷ ಹಾಗೇ ನಡೆಯಿತು.

ಚಳಿಗಾಲದಲ್ಲಿ ಎಸ್ಕಿಲ್ ತೀರಿಕೊಂಡ.

ಮಣ್ಣು ಮಾಡಿ ಬಂದು, ಜನ ಕಾಫಿ ಕುಡಿದು ಹೋದ ಮೇಲೆ, ಬೋದಿಲ್ ಒಲೆಯ ಪಕ್ಕದ ಖಾಲಿ ಕುರ್ಚಿ ನೋಡಿದಳು. ನೋಡಲಾಗಲಿಲ್ಲ. ತಾನೇ ಹೋಗಿ ಅದರಲ್ಲಿ ಕೂತಳು. ಆಗ ಖಾಲಿಯಾದದ್ದು ಅವಳ ಕುರ್ಚಿ. ಅದನ್ನು ಮಲಗುವ ಕೋಣೆಗೆ ಎಳೆದು ಹಾಕಿದಳು. ಒಗೆದ ಬಟ್ಟೆ ಅದರ ಮೇಲೆ ಬಿತ್ತು.

ವಸಂತ ಬಂದಾಗ ಧೈರ್ಯ ಮಾಡಿ ಆ ರೆಕಾರ್ಡು ಹಾಕಿದಳು. ಹಾಡುವವಳು ಎದುರಿಗೆ ಬರಲಿಲ್ಲ. ಎಡಗಡೆ ಗೋಡೆಗೆ ಮುಖ ಮಾಡಿ ಹಾಡಿದಳು. ಪಿಯಾನೋ ಅವಳ ಮೇಲೆ ಕೂತ ಹಾಗಿತ್ತು. ಬೋದಿಲ್ ಇನ್ನೊಂದು ರೆಕಾರ್ಡು ಹಾಕಿದಳು. ಅದೂ ಹಾಗೇ. ಅವನ ಜೊತೆ ಅದೂ ಹೋಯಿತು ಅಂದುಕೊಂಡಳು. ಅವನ ಅಂಗಿ ಕೊಟ್ಟಿದ್ದಳು, ಬೂಟು ಕೊಟ್ಟಿದ್ದಳು. ಅವನ ಕೈಕೆಲಸ ಅಂತ ಮನೆಯಲ್ಲಿ ಉಳಿದದ್ದು ಆ ದನಿ ಒಂದೇ.

ಕೆಟ್ಟ ದನಿ ಕೇಳಿಕೊಂಡು ಇರುವುದು ಅವಳಿಂದ ಆಗದು. ಒಯ್ದುಬಿಡಿ ಎಂದು ಓರ್ಹೂಸ್ ಪಟ್ಟಣದಲ್ಲಿ ಹಳೆಯ ಸ್ಪೀಕರು ಕೊಳ್ಳುವ ಒಬ್ಬನಿಗೆ ಹೇಳಿದಳು. ಶನಿವಾರ ಗಾಡಿ ತರುತ್ತೇನೆ ಅಂದ.

ಶುಕ್ರವಾರ ತೋರ್ಕಿಲ್ ಬಂದ. ಕಾರ್ಖಾನೆಯಲ್ಲಿ ಎಸ್ಕಿಲ್‌ನ ಪಕ್ಕದ ಮೇಜಿನವನು. ಮಾರುವ ಸುದ್ದಿ ಅವನ ಕಿವಿಗೆ ಬಿದ್ದಿತ್ತು.

"ಮಾರ್ತೀಯಂತೆ?"

"ಕೆಟ್ಟಿದೆ."

"ಎಸ್ಕಿಲ್ ಮಾಡಿದ್ದು ಕೆಡಲ್ಲ. ಅವನ ಬಾಯಿ ಕೆಡ್ತಿತ್ತು, ಕೆಲಸ ಕೆಡ್ತಿರಲಿಲ್ಲ. ಕಾಫಿ ಇಡು. ನಾನು ನೋಡ್ತೀನಿ."

ತೋರ್ಕಿಲ್ ಹಿಂದಿನ ತಂತಿ ನೋಡಿದ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸರಿಯಾಗಿತ್ತು. ಎರಡಕ್ಕೂ ಕಿವಿ ಕೊಟ್ಟ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಜೋಡಿಸಿ ಹಾಡಿಸಿದ. ಎರಡೂ ಒಂದೇ ಥರ. ತಂತಿಗಳನ್ನು ಮತ್ತೆ ಮೊದಲಿನಂತೆ ಮಾಡಿದ. ಪೆಟ್ಟಿಗೆಗಳು ಪಟ್ಟಿಯ ಮೇಲೇ ಇದ್ದವು, ಕೂದಲೆಳೆಯಷ್ಟೂ ಸರಿದಿರಲಿಲ್ಲ. ಆಮೇಲೆ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದ. ಮುಖ ಗಂಟು ಹಾಕಿದ.

"ಇದು ಸರಿಯಿಲ್ಲ," ಅಂದ.

"ನಾನು ಹೇಳಲಿಲ್ವಾ."

"ಪೆಟ್ಟಿಗೆ ಚೆನ್ನಾಗಿದೆ ಕಣೇ. ನಿಲ್ಲಿಸಿದ್ದು ಸರಿಯಿಲ್ಲ. ಊರ ತುಂಬ ನಿಲ್ಲಿಸಿದವನು ತನ್ನ ಮನೇಲಿ ಹೀಗೆ ನಿಲ್ಲಿಸಿದ್ದಾನೆ. ಪಟ್ಟಿ ಕೀಳ್ತೀನಿ, ಈ ಕುರ್ಚಿಗೆ ಹೊಂದಿಸಿ ಬೇರೆ ಹಾಕ್ತೀನಿ."

"ಪಟ್ಟಿ ಮುಟ್ಟಬೇಡ."

"ಹಾಗಾದ್ರೆ ಓರ್ಹೂಸ್‌ನವನಿಗೇ ಕೊಡು."

"ಕೊಡ್ತೀನಿ. ಆದ್ರೆ ಎಸ್ಕಿಲ್ ಹಾಕಿದ ಪಟ್ಟಿ ಕೀಳೋಕೆ ನಿನ್ನ ಕರೆದಿಲ್ಲ."

ತೋರ್ಕಿಲ್ ಗೊಣಗಿದ. ಸಿಟ್ಟಿಗೆ ನೆಲದ ಮೇಲೆ ಮಲಗಿಯೇಬಿಟ್ಟ. ಒಂದು ಕಣ್ಣು ಮುಚ್ಚಿ ಸ್ಪೀಕರಿನ ಪಕ್ಕೆಯುದ್ದಕ್ಕೂ ನೋಡಿದ. ತೆವಳಿ ಹೋಗಿ ಇನ್ನೊಂದರ ಪಕ್ಕೆ ನೋಡಿದ. ಜೇಬಿನಿಂದ ದಾರ ತೆಗೆದು ಹಿಡಿದ.

"ಬೋದಿಲ್, ಇವೆರಡೂ ಒಲೆ ಕಡೆ ನೋಡ್ತಾ ಇಲ್ಲ."

"ಮತ್ತೆ?"

"ಕಿಟಕಿ ಕಡೆ. ಅಲ್ಲೇನಿತ್ತು?"

ಕಿಟಕಿಯ ಹತ್ತಿರ ಏನೂ ಇರಲಿಲ್ಲ. ಜಮಖಾನೆಯಲ್ಲಿ ನಾಲ್ಕು ಕುಳಿ ಇದ್ದವು, ಕುರ್ಚಿಯ ಕಾಲು ಊರಿದ ಕುಳಿಗಳು.

"ನನ್ನ ಕುರ್ಚಿ," ಅಂದಳು ಬೋದಿಲ್.

ತೋರ್ಕಿಲ್ ಎದ್ದು ಮೊಣಕಾಲು ಕೊಡವಿಕೊಂಡ. ಮಲಗುವ ಕೋಣೆಗೆ ಹೋಗಿ, ಬಟ್ಟೆಯನ್ನು ಹಾಸಿಗೆಯ ಮೇಲೆ ಸುರಿದು ಕುರ್ಚಿ ಹೊತ್ತು ತಂದ. ನಾಲ್ಕು ಕಾಲು ನಾಲ್ಕು ಕುಳಿಗೆ ಕೂರಿಸಿದ. ಕುರ್ಚಿಯ ಮೂಲೆಯಲ್ಲಿ ಇನ್ನೂ ಉಲ್ಲನ್ ಎಳೆ ಸಿಕ್ಕಿಕೊಂಡಿತ್ತು.

"ಕೂತ್ಕೋ."

ಬೋದಿಲ್ ಕೂತಳು. ಅವನು ರೆಕಾರ್ಡಿನ ಮೇಲೆ ಮುಳ್ಳಿಟ್ಟ.

ಹೆಂಗಸು ಎದುರಿಗೆ ಬಂದು ನಿಂತಳು. ಉಸಿರು ತೆಗೆದುಕೊಂಡದ್ದು ಕೇಳಿಸಿತು. ಪಿಯಾನೋ ಅವಳ ಹಿಂದೆ, ಸ್ವಲ್ಪ ಬಲಕ್ಕೆ. ಎಲ್ಲ ಇದ್ದಲ್ಲೇ ಇತ್ತು. ಚಳಿಗಾಲದಿಂದ ಬಿಗಿಹಿಡಿದಿದ್ದ ಬೋದಿಲ್‌ಳ ಹೆಗಲು ಕೆಳಗಿಳಿಯಿತು. ಅತ್ತಳು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಹಾಡು ಮುಗಿಯುವವರೆಗೆ ತೋರ್ಕಿಲ್ ಕಿಟಕಿಯಾಚೆ ನೋಡುತ್ತಿದ್ದ.

"ಹೇಗೆ?" ಅಂದ.

"ಪರವಾಗಿಲ್ಲ," ಅಂದಳು. ಆ ಕಡೆಯವರು ಇದಕ್ಕಿಂತ ಹೆಚ್ಚು ಹೊಗಳುವುದಿಲ್ಲ.

"ಎಸ್ಕಿಲ್ ಕಾರ್ಖಾನೇಲಿ ಕೊಚ್ಕೊಳ್ತಿದ್ದ. ನಮ್ಮನೇಲಿ ಕೇಳೋ ಹಾಗೆ ಜಿಲ್ಲೇಲಿ ಎಲ್ಲೂ ಕೇಳಲ್ಲ ಅಂತ. ಇಷ್ಟು ವರ್ಷ ತಾನು ಆ ಮೂಲೇಲಿ ಕೂತು ಗೋಡೆಗೆ ಹಾಡೋದನ್ನ ಕೇಳಿದ್ದಾನೆ."

"ಕತ್ತೆ. ಒಂದು ಮಾತು ಹೇಳಲಿಲ್ಲ."

"ಹೇಳಿದ್ರೆ ಏನು ಮಾಡ್ತಿದ್ದೆ?"

"ಕುರ್ಚಿ ಬದಲಾಯಿಸ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ಬೋದಿಲ್ ಎದ್ದು ಓರ್ಹೂಸ್‌ನವನಿಗೆ ಫೋನು ಮಾಡಿ ನಾಳೆ ಬರಬೇಡ ಅಂದಳು. ಅವನು ಏನೋ ಕೇಳಿದ. ಇಲ್ಲ, ಮಾರುವುದಿಲ್ಲ ಎಂದು ಇಟ್ಟಳು. ಕಾಫಿ ಆರಿತ್ತು. ಬಿಸಿ ಮಾಡಿ, ದಾಲ್ಚಿನ್ನಿ ಬನ್ನು ಕೊಯ್ದು ತಂದಳು. ತೋರ್ಕಿಲ್ ಎಲ್ಲಿ ಕೂರುವುದೆಂದು ನಿಂತೇ ಇದ್ದ.

"ಅಲ್ಲಿ ಕೂತ್ಕೋ," ಅಂದಳು, ಒಲೆಯ ಪಕ್ಕದ ಕುರ್ಚಿ ತೋರಿಸಿ.

"ಅಲ್ಲಿಂದ ಏನೂ ಕೇಳಲ್ಲ ಮಾರಾಯ್ತಿ."

"ಅವನು ಕೇಳಿದ. ನೀನೂ ಕೇಳು."

ತೋರ್ಕಿಲ್ ಹೋಗಿ ಕೂತ. ಬೋದಿಲ್ ರೆಕಾರ್ಡು ಮಗುಚಿ ಹಾಕಿ, ತನ್ನ ಕುರ್ಚಿಗೆ ಬಂದಳು.