ಎರಡನೇ ದೋಣಿಯ ಅಂಗೈ

ನಿಜವಾದ ಹೆಸರು ಹಿಡಿದು ಕೂಗಿದರೆ ಅವನು ತಿರುಗಿಯೂ ನೋಡುವುದಿಲ್ಲ. ಆಮೆ ಎಂದರೆ ಮಾತ್ರ ಓಗೊಡುತ್ತಾನೆ. ಬೋರಲು ಹಾಕಿದ ಫೈಬರ್ ದೋಣಿಯ ಕೆಳಗೆ ತೂರಿಕೊಂಡು, ಆಗಾಗ ತಲೆಯನ್ನಷ್ಟೇ ಹೊರಗೆ ಹಾಕುವವನಿಗೆ ಬೇರೆ ಹೆಸರು ಒಪ್ಪುವುದೂ ಇಲ್ಲ. ಮೂವತ್ತೆಂಟು ವರ್ಷದಿಂದ ಇದೇ ಕಸುಬು. ಹೊಸ ದೋಣಿ ಕೊಳ್ಳುವವರು ಮೊದಲು ಇವನನ್ನು ಕರೆದೊಯ್ಯುತ್ತಾರೆ. ಒಳಗಡೆ ಬಣ್ಣ ಬಳಿಯುವ ಮುಂಚೆ, ನಡು ಬಿಸಿಲಿನಲ್ಲಿ, ಇವನು ದೋಣಿಯ ಹೊಟ್ಟೆಯೊಳಗೆ ಕೂತು ಸುತ್ತಲೂ ನೋಡುತ್ತಾನೆ. ಬಿಸಿಲು ಫೈಬರಿನ ಮೂಲಕ ತಿಳಿಹಸಿರಾಗಿ ಇಳಿಯುತ್ತದೆ. ಗಾಳಿ ಸಿಕ್ಕಿಕೊಂಡ ಕಡೆ ಬೆಳಕು ಕೆಡುತ್ತದೆ. ಅಂಥ ಕಡೆ ಮಾತ್ರ ಮರದ ಸುತ್ತಿಗೆಯಿಂದ ಬಡಿದು ಕೇಳುತ್ತಾನೆ. ಬೆಳಕು ಒಪ್ಪಿದ ಜಾಗವನ್ನು ಬಡಿದು ನೋಡುವುದೆಂದರೆ ತನ್ನ ಕಣ್ಣಿಗೆ ತಾನೇ ಮಾಡಿದ ಅವಮಾನ ಎಂದು ತಿಳಿದವನು.

ಅವತ್ತು ದೋಣಿ ಬೇಕಾಗಿದ್ದದ್ದು ಅವನ ಮಗಳಿಗೇ. ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಅವಳು ಒಬ್ಬಳೇ ಕಡಲಿಗೆ ಇಳಿಯುತ್ತಿದ್ದಳು. ಒಬ್ಬಳೇ ಇರುವಾಗ ದೋಣಿ ಸೀಳಿದರೆ ನೀರು ಮೊಗೆಯಲೂ ಇನ್ನೊಬ್ಬರಿಲ್ಲ. ಔಟ್‌ಬೋರ್ಡ್ ಇಂಜಿನ್ ಕೂರಿಸುವ ಕೆಲಸ ನನ್ನದಾದ್ದರಿಂದ ನಾನೂ ಜೊತೆಗೆ ಹೋಗಿದ್ದೆ.

ಕಾರ್ಖಾನೆಯ ಅಂಗಳದಲ್ಲಿ ಎರಡು ದೋಣಿಗಳು ಮರದ ದಿಮ್ಮಿಗಳ ಮೇಲೆ ಬೋರಲಾಗಿದ್ದವು. ಒಂದೇ ಅಚ್ಚಿನವು. ಇಪ್ಪತ್ತೆರಡು ಅಡಿ, ಬಿಳಿ ಮೈ, ನೀಲಿ ಗೆರೆ. ಇಂಜಿನ್ ಕೂರುವ ಹಲಗೆಯ ದಪ್ಪವೂ ಒಂದೇ, ನಾನೇ ಅಳೆದೆ.

"ಅವಳಿ ಮಕ್ಕಳಿದ್ದ ಹಾಗೆ. ಕಣ್ಣು ಮುಚ್ಚಿ ಒಂದನ್ನ ಮುಟ್ಟಮ್ಮ," ಎಂದ ಕಾರ್ಖಾನೆಯ ಯಜಮಾನ.

"ಕಣ್ಣು ಮುಚ್ಕೊಂಡು ಗಂಡನ್ನ ಆರಿಸಿದ್ದಾಯ್ತು. ದೋಣಿನೂ ಹಾಗೇ ಆರಿಸ್ಲಾ?" ಎಂದಳು ಮಗಳು.

ಆಮೆ ಮೊದಲನೆಯದರೊಳಗೆ ನುಸುಳಿ, ಅರ್ಧ ಗಂಟೆ ಕೂತು, ಹೊರಗೆ ಬಂದು, "ಇದು ಚೊಕ್ಕ. ಇದನ್ನೇ ತಗೋ," ಎಂದ. ಎರಡನೆಯದನ್ನೂ ನೋಡಿಬಿಡೋಣವೆಂದು ಅದರೊಳಗೆ ಹೊಕ್ಕ. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು.

"ದೋಣಿ ಮೂತಿ ಹತ್ರ ಕೈ ಇಟ್ಟಿರೋದ್ಯಾರು? ತೆಗೀರಿ, ಬೆಳಕಿಗೆ ಅಡ್ಡ."

ನಾವು ಮೂವರೂ ಹತ್ತು ಮಾರು ದೂರದಲ್ಲಿ, ತಗಡಿನ ನೆರಳಿನಲ್ಲಿದ್ದೆವು.

"ಯಾರೂ ಇಲ್ಲಪ್ಪ," ಎಂದಳು ಮಗಳು.

"ಇದಾರೆ. ಇನ್ನೂ ಇಟ್ಕೊಂಡೇ ಇದಾರೆ."

ನಾನು ಹೋಗಿ ದೋಣಿಯ ಹೊರಮೈ ಸವರಿದೆ. ನುಣ್ಣಗೆ, ಬಿಸಿಯಾಗಿ, ಖಾಲಿ ಇತ್ತು. ಆಮೇಲೆ ತಲೆ ಬಗ್ಗಿಸಿ ಒಳಗೆ ಹೋದೆ. ಕೊಳದ ತಳದಲ್ಲಿ ಕೂತ ಹಾಗಿತ್ತು. ಮೂತಿಯ ತಿರುವಿನಲ್ಲಿ ಒಂದು ಅಂಗೈ ಕಪ್ಪಗೆ ಮೂಡಿತ್ತು. ಬೆರಳುಗಳು ಕೆಳಗೆ, ದೋಣಿಯ ಅಂಚಿನ ಕಡೆಗೆ ಚಾಚಿದ್ದವು. ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು.

ಯಜಮಾನ ಒಳಗೆ ಇಣುಕಿದವನು ಅಲ್ಲೇ ಕುಕ್ಕರಿಸಿದ. ಕೂತಲ್ಲಿಂದಲೇ ಸಂಗತಿ ಹೇಳಿದ. ಆ ತಿರುವಿಗೆ ರೋಲರ್ ಸರಿಯಾಗಿ ಎಟಕುವುದಿಲ್ಲ. ಹಳೆಯ ಕೆಲಸಗಾರನೊಬ್ಬ ರಾಳದಲ್ಲಿ ನೆನೆದ ನಾರುಬಟ್ಟೆಯನ್ನು ಅಲ್ಲಿ ಬರಿಗೈಯಲ್ಲೇ ಒತ್ತಿ ಕೂರಿಸುತ್ತಿದ್ದ. ಅವನ ಬಲಗೈಯ ಉಂಗುರದ ಬೆರಳಿನ ಅರ್ಧವನ್ನು ನಾರುಬಟ್ಟೆ ಕತ್ತರಿಸುವ ಯಂತ್ರ ತಿಂದಿತ್ತು. ಎರಡು ವರ್ಷದ ಹಿಂದೆ ರಜೆಯಲ್ಲಿ ಮೀನಿಗೆ ಹೋದಾಗ ದೋಣಿ ಮಗುಚಿತು. ಉಳಿದವರು ಈಜಿ ಬಂದರು. ಅವನು ಬರಲಿಲ್ಲ, ಹೆಣವೂ ಬರಲಿಲ್ಲ.

"ಈ ದೋಣಿ ಅಚ್ಚು ಹಾಕಿದ್ದು ಯಾವಾಗ?" ಎಂದೆ.

"ಹೋದ ತಿಂಗಳು."

ಆಮೆ ತನ್ನ ಬಲಗೈಯನ್ನು ಆ ಗುರುತಿನ ಮೇಲಿಟ್ಟ. ಹೆಬ್ಬೆರಳು ಹೊಂದಲಿಲ್ಲ, ಆಚೆ ಬದಿಗೆ ಬಂತು. ಎಡಗೈ ಇಟ್ಟ, ಸರಿಯಾಗಿ ಕೂತಿತು. ಒಳಗಿನಿಂದ ಒತ್ತಿದ್ದರೆ ಅದು ಎಡಗೈ ಆಗಬೇಕು. ಬೆರಳು ತುಂಡಾದ ಆ ಕೆಲಸಗಾರನ ಬಲಗೈಯೇ ಆದರೆ ಹೊರಗಿನಿಂದಲೇ ಒತ್ತಿರಬೇಕು. ಹೊರಮೈಯಾದರೋ ರಾಳ ಆರುವ ತನಕ ಅಚ್ಚಿಗೆ ಅಂಟಿಕೊಂಡಿರುತ್ತದೆ. ಅಲ್ಲಿ ಕೈ ಹೋಗುವುದಿರಲಿ, ಕೂದಲೂ ತೂರುವುದಿಲ್ಲ.

"ಇದನ್ನ ಮಾರಲ್ಲ, ಒಡೆದು ಹಾಕ್ತೀನಿ," ಎಂದ ಯಜಮಾನ.

"ತಡೀರಿ. ಅಪ್ಪ, ಅದನ್ನ ಬಡಿದು ನೋಡು," ಎಂದಳು ಮಗಳು.

ಆಮೆ ಬಡಿದ. ಟಣ್ ಎಂದಿತು, ಕಲ್ಲಿನಂಥ ಸದ್ದು.

"ಈಗ ಮೊದಲನೇದನ್ನ, ಅದೇ ಜಾಗದಲ್ಲಿ."

"ಅದನ್ನ ನೋಡಿ ಆಯ್ತಲ್ಲ."

"ನೋಡಿದ್ದೀಯ, ಬಡಿದಿಲ್ಲ. ಅದರ ಮೇಲೆ ಕೂತ್ಕೊಂಡು ಹೋಗೋಳು ನಾನು."

ಒಲ್ಲದ ಮನಸ್ಸಿನಿಂದ ಹೋಗಿ ಬಡಿದ. ಹಲಸಿನ ಹಣ್ಣಿಗೆ ತಟ್ಟಿದ ಹಾಗೆ ದಬ್ ಎಂದಿತು. ಮತ್ತೆ ಬಡಿದ, ಮತ್ತೆ ದಬ್. ಪದರಗಳು ಒಂದರ ಮೇಲೊಂದು ಸುಮ್ಮನೆ ಕೂತಿದ್ದವು, ಕಚ್ಚಿಕೊಂಡಿರಲಿಲ್ಲ. ನಡುವೆ ಗಾಳಿ ಇಲ್ಲದ ಕಾರಣ ಅಂಥದ್ದು ಬೆಳಕಿಗೆ ಕಾಣುವುದಿಲ್ಲ. ಎರಡು ದೊಡ್ಡ ಅಲೆ ಅಪ್ಪಳಿಸಿದರೆ ಬಾಯಿ ಬಿಡುತ್ತದೆ. ಆಮೆ ಹೊರಗೆ ಬಂದು ನಮ್ಮ ಮುಖ ನೋಡದೆ ಸುತ್ತಿಗೆ ಒರೆಸಿದ. ಮೂವತ್ತೆಂಟು ವರ್ಷದಲ್ಲಿ ಹೇಳಿದ ಮಾತನ್ನು ವಾಪಸು ತೆಗೆದುಕೊಂಡದ್ದು ಅದೇ ಮೊದಲು.

"ಅದು ಬೇಡ," ಎಂದ. "ಇದೂ ಬೇಡ. ಮನೆಗೆ ಹೋಗೋಣ."

"ಮನೇಲಿ ಕೂತು ಏನ್ ಹಿಡೀಲಿ, ಸೊಳ್ಳೆನಾ?" ಎಂದು ಮಗಳು ಎರಡನೇ ದೋಣಿಯ ಮೂತಿ ತಟ್ಟಿದಳು. "ಗಟ್ಟಿಯಾಗಿರೋದು ಇದು. ನಂಗೆ ಇದೇ ಇರಲಿ."

ಯಜಮಾನನೂ ಆಮೆಯೂ ಕೊನೆಗೆ ಅವಳ ಮಾತಿಗೆ ಮಣಿದರು. ವಾರದೊಳಗೆ ನಾನು ಇಂಜಿನ್ ಕೂರಿಸಿದೆ. ಆ ತಿರುವಿಗೆ ಮಾತ್ರ ಬಣ್ಣ ಬೇಡವೆಂದು ಆಮೆ ಹಟ ಹಿಡಿದ. ದೋಣಿ ನೆಟ್ಟಗಾದ ಮೇಲೆ ಬೆರಳುಗಳು ಮೇಲಕ್ಕೆ ಚಾಚಿದ್ದವು. ಬೆರಳ ತುದಿಗೆ ಸರಿಯಾಗಿ ಸೀಸದ ಕಡ್ಡಿಯಿಂದ ಒಂದು ಗೆರೆ ಎಳೆದ. ದಿನವೂ ಸಂಜೆ, ಮಗಳು ದೋಣಿಯನ್ನು ದಡಕ್ಕೆ ತಂದಾಗ, ಇಳಿಬಿಸಿಲಿನಲ್ಲಿ ಹೋಗಿ ನೋಡುತ್ತಿದ್ದ. ಮಳೆಗಾಲಕ್ಕೆ ಮುಂಚೆ ಒಂದು ದಿನ ನನ್ನನ್ನೂ ಕರೆದ. ಬೆರಳುಗಳು ಗೆರೆ ದಾಟಿ ನಾಲ್ಕು ಬೆರಳಿನಗಲ ಮೇಲೆ ಬಂದಿದ್ದವು. ದೋಣಿಯ ಅಂಚಿಗೆ ಇನ್ನು ಒಂದೇ ಗೇಣು.

ಮಗಳು ಬಲೆ ಕೊಡವುತ್ತಾ ನಮ್ಮನ್ನೇ ನೋಡುತ್ತಿದ್ದಳು.

"ನಂಗೊತ್ತು ಬಿಡಪ್ಪ," ಎಂದಳು. "ನೀರಲ್ಲಿರೋನು ದೋಣಿ ಹಿಡ್ಕೊಂಡ್ರೆ ಕೈ ಬಿಡಿಸೋಕಾಗುತ್ತಾ?"

ಮರುದಿನ ಬೆಳಗ್ಗೆ ಅವಳು ಹೊರಡುವಾಗ ನಾನು ದಡದಲ್ಲಿದ್ದೆ. ಮೂತಿಯ ಬಳಿ ಇರುತ್ತಿದ್ದ ಬಲೆಯ ಬುಟ್ಟಿಯನ್ನು ಅವಳು ಹಿಂದಕ್ಕೆ ಸರಿಸಿ, ಒಬ್ಬ ಮನುಷ್ಯ ಕೂರುವಷ್ಟು ಜಾಗ ಬಿಟ್ಟಿದ್ದಳು.