ಕಾಲು ಬಂದ ಮಣೆ

ನೆಲ ಬಿಟ್ಟು ಎರಡು ಮೊಳ ಮೇಲೆ ಕೂತ ಮನುಷ್ಯನಿಗೆ ಗಾಂಭೀರ್ಯ ಉಳಿಸಿಕೊಳ್ಳುವುದು ಕಷ್ಟ. ಎಂಥ ಹೆಡ್ ಕ್ಲರ್ಕೂ ತೊಟ್ಟಿಲ ಮಗುವಿನಂತೆ ಪಾದ ಆಡಿಸತೊಡಗುತ್ತಾನೆ. ಇದು ಪುಸ್ತಕದಲ್ಲಿ ಓದಿದ್ದಲ್ಲ. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟು ಹೋಟೆಲಿನ ಹೊಗೆಯಲ್ಲಿ ಬೆಳೆದವನು ನಾನು. ಸ್ವಂತ ದುಡಿಮೆಯಿಂದ ಮುಂಬಯಿಯ ಮಾಟುಂಗದಲ್ಲಿ ನನ್ನದೇ ಹೋಟೆಲಿನ ಬೋರ್ಡು ಹಾಕಿದ್ದೇನೆ ಎಂಬುದನ್ನು ಮಾತ್ರ ಯಾರೂ ಕೇಳದಿದ್ದರೂ ಹೇಳುತ್ತೇನೆ.

ಬೋರ್ಡು ದೊಡ್ಡದು, ಜಾಗ ಓಣಿಯಷ್ಟು. ಮೇಜು ಹಾಕಿದರೆ ಮಾಣಿಗೆ ದಾರಿಯಿಲ್ಲ. ಅದಕ್ಕೇ ಗೋಡೆಗುಂಟ ಎದೆಯೆತ್ತರದ ಹಲಗೆ ಹೊಡೆಸಿದೆ. ಜನ ನಿಂತೇ ಕಾಫಿ ಕುಡಿದರು, ಹೋದರು. ನಿಂತವನು ಎರಡನೆಯ ದೋಸೆ ಹೇಳುವುದಿಲ್ಲ. ಅವರನ್ನು ಕೂರಿಸದಿದ್ದರೆ ಬೋರ್ಡು ಇಳಿಸುವುದೇ ಗತಿ.

ಪಾನನಿರೋಧದ ಪುಣ್ಯದಿಂದ ಆಗ ಮುಂಬಯಿಯ ಬಾರುಗಳು ಬಾಗಿಲು ಹಾಕಿದ್ದವು. ಅವುಗಳ ಎತ್ತರದ ಸ್ಟೂಲುಗಳು ಹಳೆ ಸಾಮಾನಿನ ಚೋರ್ ಬಜಾರಿನಲ್ಲಿ ಅನಾಥವಾಗಿ ನಿಂತಿದ್ದವು. ತಂದು, ತೊಳೆದು, ಊದುಬತ್ತಿ ಹಚ್ಚಿ ಕಾಫಿಯ ಸೇವೆಗೆ ಹಾಕಿದೆ. ಒಂದೊಂದಕ್ಕೆ ಒಂದೊಂದು ಸ್ವಭಾವ. ಬೆತ್ತದ್ದು ತಂಪು, ಆದರೆ ಅದರ ಸಂದುಗಳಲ್ಲಿ ಮುಂಬಯಿ ವಠಾರದಂತೆ ತಿಗಣೆಗಳ ಚಾಳು. ಕಬ್ಬಿಣದ್ದಕ್ಕೆ ಸಾವಿಲ್ಲ, ಮಳೆಗಾಲದಲ್ಲಿ ಬಿಳಿ ಪಂಚೆಗೆ ತುಕ್ಕಿನ ಮುದ್ರೆ ಒತ್ತಿ ಕಳಿಸುತ್ತದೆ. ರೆಕ್ಸಿನ್ ಬೆವರಿದವನನ್ನು ಏಳಲು ಬಿಡದು; ಹೋಟೆಲಿನವನು ಇದನ್ನು ದೋಷವೆನ್ನಬಾರದು. ತೊಗಲಿನದು ಎಲ್ಲಕ್ಕಿಂತ ಮೆತ್ತಗೆ. ಋಷಿಗಳೂ ಹುಲಿಯ ತೊಗಲಿನ ಮೇಲೆ ಕೂತವರೇ. ಆದರೆ ಅಲ್ಲಿ ಕೂತು ಅವರು ಇಡ್ಲಿ ತಿಂದರೆಂದು ಯಾವ ಪುರಾಣವೂ ಹೇಳದ ಕಾರಣ ಗಿರಾಕಿಗಳು ಅದರ ಹತ್ತಿರ ಸುಳಿಯಲಿಲ್ಲ. ಉಳಿದದ್ದು ತೇಗದ್ದು. ನುಣುಪು, ಗುಂಡಗೆ, ಸುತ್ತ ತಿರುಗುವಂಥದ್ದು.

ಅದನ್ನು ಹತ್ತಿದವರು ಮೈಸೂರು ಕಡೆಯ ಗುಂಡೂರಾಯರು. ಅವರು ಎಲ್ಲಿ ಕೂರುತ್ತಾರೋ ಅಲ್ಲಿ ಅವರ ಆಫೀಸಿನ ಅರ್ಧ ಮಂದಿ ಕೂರುತ್ತಾರೆ. ರಾಯರು ಹತ್ತಿದ್ದೇ ತಡ, ಊಟದ ಪಂಕ್ತಿಯ ಅಭ್ಯಾಸದಂತೆ ಎರಡೂ ಕಾಲು ಮೇಲೆಳೆದು ಚಕ್ಕಳಮಕ್ಕಳ ಹಾಕಿದರು. ಸಾಂಬಾರಿಗೆ ಕೈ ಚಾಚುವಷ್ಟರಲ್ಲಿ ಸೀಟು ತಿರುಗಿತು. ಸಾಂಬಾರು ಗೋಡೆಯ ಕಡೆ ಉಳಿಯಿತು, ರಾಯರು ಬೀದಿಗೆ ದರ್ಶನ ಕೊಟ್ಟರು.

"ಏನ್ರೀ ಭಟ್ಟರೇ, ತಿಂಡಿಗೆ ಕರೆದು ಗಾಣಕ್ಕೆ ಕಟ್ಟಿದ್ರಲ್ಲ!"

"ಕಾಲು ಕೆಳಗೆ ಬಿಡಿ ಮಾರಾಯ್ರೆ, ಅದು ಹಾಗೆ ಕೂರುವಂಥದ್ದಲ್ಲ."

"ನೇತಾಡ್ಕೊಂಡು ತಿನ್ನಕ್ಕೆ ನಾನೇನು ಬಾವಲೀನಾ? ನಾಳೆಯಿಂದ ಪಕ್ಕದ ಹೋಟ್ಲು ಸಾಕು ಬಿಡಿ."

ಅಂದು ಮಧ್ಯಾಹ್ನ ನಾನೇ ಮಣೆಯ ಮೇಲೆ ಕಾಲು ಮಡಚಿ ಊಟಕ್ಕೆ ಕೂತಾಗ ತುತ್ತು ಅರ್ಧಕ್ಕೇ ನಿಂತಿತು. ಕೂಡಲೇ ಮರಾಠಿ ಮಿಸ್ತ್ರಿಯನ್ನು ಕರೆಸಿದೆ. ಗುಂಡು ಸೀಟುಗಳನ್ನೆಲ್ಲ ತೆಗೆಸಿ, ಹಲಸಿನ ಅಗಲ ಹಲಗೆ ಜಡಿಸಿ, ತಿರುಗದಂತೆ ಬಿಗಿಸಿ, ಹತ್ತಲು ಕೆಳಗೊಂದು ಅಡ್ಡಪಟ್ಟಿ ಕೂರಿಸಿದೆವು.

ಮಿಸ್ತ್ರಿ ತಲೆ ಕೆರೆದುಕೊಂಡ. "ಶೇಟ್, ಹೇ ಸ್ಟೂಲ್ ಕೀ ಪಾಟ್?" ಪಾಟ್ ಎಂದರೆ ಅವರ ಮಣೆ.

"ದೋನೋ," ಎರಡೂ ಹೌದು ಎಂದೆ.

ಮರುದಿನ ಪಕ್ಕದ ಹೋಟೆಲಿನ ದಾರಿ ಹಿಡಿದಿದ್ದ ರಾಯರು ನಮ್ಮಲ್ಲಿ ಇಣುಕಿದರು. ನಾನು ಕರೆಯಲಿಲ್ಲ, ನನಗೂ ಒಂದು ಬಿಗುಮಾನ ಇದೆ. ಅವರೇ ಬಂದು ಸ್ಟೂಲಿನ ಹಲಗೆಯನ್ನು ಅಲ್ಲಾಡಿಸಿ ನೋಡಿದರು, ಹತ್ತಿದರು, ಕಾಲು ಮಡಚಿದರು. ಇಡ್ಲಿ ಮುಗಿಯಿತು. ನಾನು ಕಾಫಿ ಸೋಸುವ ನೆಪದಲ್ಲಿ ಅವರ ಖಾಲಿ ತಟ್ಟೆಯನ್ನೇ ನೋಡುತ್ತಿದ್ದೆ.

"ಬಿಸಿ ದೋಸೆ ಇದೆಯೇನ್ರೀ?"

ಈಗ ಆ ಸಾಲಿನಲ್ಲಿ ಪಂಚೆಯವರು ಕಾಲು ಮಡಚುತ್ತಾರೆ, ಪ್ಯಾಂಟಿನವರು ಇಳಿಬಿಡುತ್ತಾರೆ. ಹಲಸಿನ ಹಲಗೆ ಇಬ್ಬರನ್ನೂ ಹೊರುತ್ತದೆ. ಸಾಲನ್ನು ಅಡುಗೆಮನೆಯ ಬಾಗಿಲ ತನಕ ಬೆಳೆಸಬೇಕಾಗಿದೆ. ಹೊಸ ಹಲಗೆಗಳ ಅಗಲ ಎಷ್ಟೆಂದು ಮಿಸ್ತ್ರಿ ಕೇಳಿದ. ರಾಯರು ಕಾಫಿ ಕುಡಿಯುತ್ತಿದ್ದರು. ಅವರ ಮಂಡಿಯಿಂದ ಮಂಡಿಗೆ ಟೇಪು ಹಿಡಿಯಲು ಹೇಳಿದೆ.